ಮಂಗನ ಕಾಯಿಲೆ: ಉಣುಗಿನೊಳಗಿನ ವೈರಾಣುವನ್ನೂ ಓದಬೇಕು

ಮಾನ್ಯ ಸಂಪಾದಕರೇ,

ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮಾತು ನಿಂತುಹೋಗುತ್ತದೆ. ಮತ್ತೆ ಚಳಿಗಾಲದಲ್ಲಿ ಮೊದಲ ಜ್ವರದ ವರದಿ ಬಂದ ಮೇಲೆಯೇ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೇಪಾ ತೈಲದ ಹಂಚಿಕೆ, ಆಶಾ ಕಾರ್ಯಕರ್ತೆಯರ ಮನೆಭೇಟಿ, ಸತ್ತ ಮಂಗಗಳ ಲೆಕ್ಕ ಶುರುವಾಗುತ್ತವೆ. ಲೆಕ್ಕ ಬೇಕೇ ಬೇಕು. ಆದರೆ ಈ ವೈರಾಣು ಒಂದು ಕಾಡಿನಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಸಾಗುತ್ತಿದೆ ಎಂಬುದು ಲೆಕ್ಕದಿಂದ ತಿಳಿಯುವುದಿಲ್ಲ. ಅದನ್ನು ತಿಳಿಸಬಲ್ಲದ್ದು ವೈರಾಣುವಿನ ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಅದರ ಇಡೀ ಆನುವಂಶಿಕ ಸಂಕೇತವನ್ನು ಅಕ್ಷರ ಅಕ್ಷರವಾಗಿ ಓದುವುದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ದಶಕಗಳ ಕಾಲ ಶಿವಮೊಗ್ಗ ಮತ್ತು ಅದರ ನೆರೆಯ ಜಿಲ್ಲೆಗಳದ್ದೇ ಎಂಬಂತಿತ್ತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೆ ಅದು ತಗುಲಿತು. ಆಮೇಲೆ ವಯನಾಡು ಮತ್ತು ನೀಲಗಿರಿಯಲ್ಲಿ, 2015ರಲ್ಲಿ ಗೋವಾದ ಸತ್ತರಿಯಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿತು. ಇವೆಲ್ಲ ಹೊಸದಾಗಿ ಹರಡಿದ್ದೇ, ಅಥವಾ ಮೊದಲಿನಿಂದಲೂ ಅಲ್ಲೇ ಇದ್ದು ಈಚೆಗೆ ಪತ್ತೆಯಾದದ್ದೇ? ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 1957ರಿಂದ 2017ರವರೆಗಿನ ಮಾದರಿಗಳನ್ನು ಹೋಲಿಸಿ, ಕರ್ನಾಟಕದಿಂದ ಗೋವಾ ಮತ್ತು ಮಹಾರಾಷ್ಟ್ರದ ಕಡೆಗೆ ಚಲನೆ ನಡೆದಿದೆಯೆಂದು 2020ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ವದ್ದು. ಆದರೆ ಅರವತ್ತು ವರ್ಷಗಳಿಗೆ ಅದು ನಿಂತಿರುವುದು 48 ಪೂರ್ಣ ಜೀನೋಮ್‌ಗಳು ಮತ್ತು ವೈರಾಣುವಿನ ಹೊರಕವಚಕ್ಕೆ ಸಂಬಂಧಿಸಿದ ಒಂದು ಜೀನ್‌ನ 28 ಮಾದರಿಗಳ ಮೇಲೆ. ಸುಮಾರು 11,000 ಅಕ್ಷರಗಳಷ್ಟು ಉದ್ದದ ಇಡೀ ಜೀನೋಮ್ ಅನ್ನು ಇನ್ನೂ ಹೆಚ್ಚು ಮಾದರಿಗಳಲ್ಲಿ ಓದಿದರೆ ಇನ್ನೂ ಸ್ಪಷ್ಟವಾದ ನಕ್ಷೆ ದೊರೆಯುತ್ತದೆ.

ಇಲ್ಲಿ ಕೋವಿಡ್ ಕಾಲದ ಅಭ್ಯಾಸವನ್ನೇ ಮುಂದುವರಿಸಿ, ರೋಗಿಗಳ ರಕ್ತದ ಮಾದರಿಗಳನ್ನಷ್ಟೇ ಸೀಕ್ವೆನ್ಸಿಂಗ್‌ಗೆ ಕಳುಹಿಸಿದರೆ ಸಾಲದು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ದರಗು ತರಲು ಕಾಡಿಗೆ ಹೋದವರಿಗೆ ಉಣುಗು ಕಚ್ಚಿ ಬಂದ ವೈರಾಣುವಿನ ಪ್ರಯಾಣ ಆ ರೋಗಿಯಲ್ಲೇ ಕೊನೆಗೊಳ್ಳುತ್ತದೆ. ರೋಗಿಗಳನ್ನಷ್ಟೇ ನೋಡಿ ಅದರ ಹಾದಿ ಹೇಳುವುದೆಂದರೆ ಪ್ರಯಾಣಿಕ ಇಳಿದ ನಿಲ್ದಾಣ ನೋಡಿ ಬಸ್ಸು ಬಂದ ದಾರಿ ಹೇಳಿದಂತೆ. ದಾರಿಯಿರುವುದು ಉಣುಗು, ಮುಸಿಯ, ಮಂಗ, ಕಾಡಿಲಿಗಳಲ್ಲಿ. ಈ ವೈರಾಣು ವರ್ಷಕ್ಕೆ ಕೆಲವೇ ಅಕ್ಷರಗಳಷ್ಟು ಬದಲಾಗುವುದರಿಂದ ಒಂದು ವಾರದ ಚಲನೆಯನ್ನು ಜೀನೋಮ್ ಹೇಳಲಾರದು ನಿಜ. ಆದರೆ ಹಲವು ವರ್ಷಗಳಲ್ಲಿ ಯಾವ ಕಾಡಿನಿಂದ ಯಾವ ಕಾಡಿಗೆ ಹೋಯಿತೆಂಬುದನ್ನು ಹೇಳಬಲ್ಲದು, ನಮಗೆ ಬೇಕಿರುವುದೂ ಅದೇ.

ಉಣುಗು ಮತ್ತು ಮಂಗಗಳ ಪರೀಕ್ಷೆ ಈಗಲೂ ನಡೆಯುತ್ತಿದೆ, ಆದರೆ ಜನರಿಗೆ ತಲುಪುವುದು ಪಾಸಿಟಿವ್ ಅಥವಾ ನೆಗೆಟಿವ್ ಎಂಬ ಮಾತಷ್ಟೇ. ಪಾಸಿಟಿವ್ ಬಂದ ಪ್ರತಿ ಮಾದರಿಯನ್ನೂ, ಅದು ಸಿಕ್ಕ ಜಾಗದ ನಿಖರ ಗುರುತಿನೊಂದಿಗೆ, ಪೂರ್ಣ ಜೀನೋಮ್ ಓದಲು ಕಳುಹಿಸಬೇಕು. ಸುರಕ್ಷಿತ ಪ್ರಯೋಗಾಲಯದಲ್ಲಿ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಅದರ ಆರ್‌ಎನ್‌ಎ (ಜೀನೋಮ್ ಇರುವ ವಸ್ತು) ಬೇರ್ಪಡಿಸಿದ ಬಳಿಕ ಉಳಿದ ಕೆಲಸವನ್ನು ಬೇರೆ ಪ್ರಯೋಗಾಲಯಗಳೂ ಮಾಡಬಹುದು. 2020ರ ಡಿಸೆಂಬರ್‌ನಲ್ಲಿ ಕೋವಿಡ್ ವೈರಾಣುವಿನ ಜೀನೋಮ್ ಓದಲು ಕೇಂದ್ರ ಸರ್ಕಾರ ರಚಿಸಿದ ಪ್ರಯೋಗಾಲಯಗಳ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇತ್ತು. ಆಗ ಗಳಿಸಿದ ಕೌಶಲ ಇಲ್ಲಿ ಬಳಕೆಯಾಗಲಿ. ಇದರಲ್ಲಿ ನಿಜವಾಗಿ ಕಷ್ಟದ ಕೆಲಸ ಕಾಡಿನದ್ದು. ಬಿಸಿಲಿಗೆ ಬಿದ್ದ ಕಳೇಬರದಲ್ಲಿ ಆರ್‌ಎನ್‌ಎ ಬೇಗ ಹಾಳಾಗುವುದರಿಂದ ಅರಣ್ಯ, ಪಶುವೈದ್ಯ ಮತ್ತು ಆರೋಗ್ಯ ಇಲಾಖೆಗಳು ಸುದ್ದಿ ಬಂದ ದಿನವೇ ಒಟ್ಟಾಗಿ ಹೊರಡಬೇಕು.

1950ರ ದಶಕದ ತಳಿಯಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದರ ಬಳಕೆ ನಿಂತಿದೆ. ಹೊಸ ಲಸಿಕೆ ಸಿದ್ಧವಾಗುತ್ತಿರುವಾಗ ಇಂದಿನ ವೈರಾಣು ಯಾವ ಯಾವ ಕಾಡಿನಲ್ಲಿ ಎಷ್ಟು ಬದಲಾಗಿದೆ ಎಂಬ ಮಾಹಿತಿ ಅದನ್ನು ರೂಪಿಸುವವರಿಗೂ ಬೇಕು. ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳ ಮಾದರಿಗಳ ಜೊತೆ ಹೋಲಿಸದೆ ನಮ್ಮ ನಕ್ಷೆ ಪೂರ್ಣವಾಗದ ಕಾರಣ, ಐದೂ ರಾಜ್ಯಗಳು ಪ್ರತಿ ಋತುವಿನ ಫಲಿತಾಂಶವನ್ನು ಮುಂದಿನ ಡಿಸೆಂಬರ್‌ಗೆ ಮುಂಚೆಯೇ ಹಂಚಿಕೊಳ್ಳುವ ಒಪ್ಪಂದಕ್ಕೆ ರಾಜ್ಯ ಆರೋಗ್ಯ ಇಲಾಖೆಯೇ ಮೊದಲ ಪತ್ರ ಬರೆಯಲಿ.

ಇಂತಿ,
ಒಬ್ಬ ಓದುಗ, ಸಾಗರ