ಕುಮಾರ್ ಬರ್ವೆ ಅವರಿಗೆ ಗೇಥರ್ಸ್‌ಬರ್ಗ್‌ನಿಂದ ವಂದನೆ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಶಾಸನಸಭೆಯ ಕೆಳಮನೆಯಲ್ಲಿ 32 ವರ್ಷ ನಮ್ಮ 17ನೇ ಕ್ಷೇತ್ರವನ್ನು ಪ್ರತಿನಿಧಿಸಿದ ಕುಮಾರ್ ಬರ್ವೆ ಅವರು 2023ರಲ್ಲಿ ಸ್ಥಾನ ಬಿಟ್ಟುಕೊಟ್ಟು ವಿದ್ಯುತ್, ಅನಿಲದಂಥ ಸೇವೆಗಳ ದರ ನಿಯಂತ್ರಿಸುವ ರಾಜ್ಯದ ಸಾರ್ವಜನಿಕ ಸೇವಾ ಆಯೋಗದ ಸದಸ್ಯರಾದರು. ಗೇಥರ್ಸ್‌ಬರ್ಗ್, ರಾಕ್‌ವಿಲ್ ಸುತ್ತ ನೆಲೆಸಿರುವ ಕನ್ನಡಿಗರಲ್ಲಿ ಒಬ್ಬನಾಗಿ ನಾನು ಅವರಿಗೆ ಬಹಿರಂಗವಾಗಿಯೇ ಧನ್ಯವಾದ ಹೇಳಬೇಕು.

1990ರಲ್ಲಿ ಅವರು ಗೆಲ್ಲುವವರೆಗೆ ಅಮೆರಿಕದ ಯಾವ ರಾಜ್ಯದ ಶಾಸನಸಭೆಗೂ ಭಾರತೀಯ ಮೂಲದವರು ಆಯ್ಕೆಯಾಗಿರಲಿಲ್ಲ. ಅದು ದೊಡ್ಡ ಮಾತು, ನಿಜ. ಆದರೆ ನನ್ನ ಕೃತಜ್ಞತೆ ಆ ಮೊದಲ ಗೆಲುವಿಗಿಂತ ಅನಂತರದ ದುಡಿಮೆಗೆ ಹೆಚ್ಚು ಸಲ್ಲುತ್ತದೆ. 2003ರಿಂದ ಸುಮಾರು 12 ವರ್ಷ ಬಹುಮತ ಪಕ್ಷದ ನಾಯಕರಾಗಿದ್ದವರು, 2015ರಿಂದ ಪರಿಸರ ಮತ್ತು ಸಾರಿಗೆ ಸಮಿತಿಯ ಅಧ್ಯಕ್ಷರಾದರು. ರಾಜ್ಯದ ರಾಜಧಾನಿ ಅನ್ನಾಪೊಲಿಸ್‌ನಲ್ಲಿ ಅಧಿವೇಶನ ನಡೆಯುವುದು ವರ್ಷಕ್ಕೆ 90 ದಿನ ಮಾತ್ರ. ಅಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಸೂದೆಗಳು ಬರುತ್ತವೆ. ಅವುಗಳ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗುವುದು ಸಮಿತಿಯ ಕೋಣೆಯಲ್ಲಿ. ರೈತ, ವಕೀಲ, ಕಂಪನಿಯ ಪ್ರತಿನಿಧಿ, ಶಾಲೆಯ ಮಕ್ಕಳು, ಯಾರು ಬೇಕಾದರೂ ಹೆಸರು ನೋಂದಾಯಿಸಿ ಒಂದೆರಡು ನಿಮಿಷ ಮಾತನಾಡಬಹುದು. ಅವರ ಅಹವಾಲನ್ನು ಗಂಟೆಗಟ್ಟಲೆ ಕೇಳುವ ಈ ಕೆಲಸಕ್ಕೆ ಕ್ಯಾಮೆರಾಗಳ ಗದ್ದಲವಿರುವುದಿಲ್ಲ. ಪ್ರಜಾಪ್ರಭುತ್ವದ ಮುಖ್ಯ ಕೆಲಸ ಅದೇ ಎಂದು ನಾನು ನಂಬಿದ್ದೇನೆ.

ಅವರು ಅಧ್ಯಕ್ಷರಾಗಿದ್ದಾಗಲೇ, 2017ರಲ್ಲಿ, ಬಂಡೆಪದರ ಸೀಳಿ ಅನಿಲ ತೆಗೆಯುವ ಫ್ರ್ಯಾಕಿಂಗ್‌ಗೆ ರಾಜ್ಯ ನಿಷೇಧ ಹೇರಿತು. ಡೆಮಾಕ್ರಟಿಕ್ ಬಹುಮತದ ಸಭೆ ಒಪ್ಪಿದ ಮಸೂದೆಗೆ ರಿಪಬ್ಲಿಕನ್ ಗವರ್ನರ್ ಲ್ಯಾರಿ ಹೋಗನ್ ಅಂಕಿತ ಹಾಕಿದರು. 2022ರ ಹವಾಮಾನ ಕಾಯ್ದೆ, 2031ರ ಹೊತ್ತಿಗೆ ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು 2006ರ ಮಟ್ಟಕ್ಕಿಂತ ಶೇ 60ರಷ್ಟು ತಗ್ಗಿಸುವ ಗುರಿ ಇಟ್ಟಿತು.

ಇವೆರಡರ ನಡುವೆ, 2019ರಲ್ಲಿ, ಆಹಾರ ಬಡಿಸುವ ಫೋಮ್ (ಥರ್ಮೊಕೋಲ್‌ನಂಥ) ತಟ್ಟೆ-ಲೋಟಗಳ ನಿಷೇಧಕ್ಕೂ ಸಭೆ ಒಪ್ಪಿಗೆ ಕೊಟ್ಟಿತು. ಮಸೂದೆ ಮಂಡಿಸಿದವರು ಬೇರೆಯವರು. ಅದು ಹಾದುಬಂದದ್ದು ಬರ್ವೆ ಅವರ ಸಮಿತಿಯ ಮೂಲಕ. ನಮ್ಮ ಹಬ್ಬದೂಟಗಳನ್ನು ಕಂಡವರಿಗೆ ಆ ಬಿಳಿ ತಟ್ಟೆ ಗೊತ್ತು. ಬಿಸಿಬೇಳೆಬಾತು ಬಿದ್ದೊಡನೆ ನಡುವೆ ಬಾಗುತ್ತಿತ್ತು, ಉಗುರು ತಾಗಿದರೆ ಪುಡಿ ಉದುರುತ್ತಿತ್ತು, ಊಟ ಮುಗಿಯುವಷ್ಟರಲ್ಲಿ ಕಪ್ಪು ಚೀಲಗಳ ತುಂಬ ಅದೇ. ಈಗ ಬಡಿಸುವ ಮೇಜಿನ ಮೇಲೆ ಕಾಗದದ ತಟ್ಟೆ, ಒಮ್ಮೊಮ್ಮೆ ಅಡಿಕೆ ಹಾಳೆಯ ತಟ್ಟೆ. ಕಾನೂನು ಊಟದ ಪಂಕ್ತಿಯವರೆಗೆ ಬಂದು ಮುಟ್ಟಿದ್ದನ್ನು ಹೀಗೆ ಕಣ್ಣಾರೆ ನೋಡಿದ್ದೇನೆ.

ಅವರ ಎಲ್ಲ ನಿಲುವುಗಳನ್ನೂ ನಾನು ಒಪ್ಪಿದವನಲ್ಲ. ಆದರೂ ಇಷ್ಟು ವರ್ಷ ಒಂದೇ ಕೆಲಸವನ್ನು ಹಿಡಿದು ಮಾಡಿದವರ ಬಗ್ಗೆ ನನಗೆ ಅಪಾರ ಗೌರವ. ಮಸೂದೆಗಳ ಕಡತ ಸಿದ್ಧಪಡಿಸಿದ ಸಮಿತಿಯ ಸಿಬ್ಬಂದಿಗೂ ಮನೆಮನೆ ಬಾಗಿಲು ತಟ್ಟಿದ ಕಾರ್ಯಕರ್ತರಿಗೂ ನನ್ನ ನಮಸ್ಕಾರ.

ಬರ್ವೆ ಅವರೇ, ಹೊಸ ಹೊಣೆಗೆ ಶುಭ ಹಾರೈಕೆಗಳು. ವಿದ್ಯುತ್ ದರ ಏರಿಕೆಯ ಪ್ರಸ್ತಾವಗಳು ಆಯೋಗದ ಮುಂದೆ ಬಂದಾಗ ನಮ್ಮ ಪತ್ರಗಳು ಅಲ್ಲಿಗೂ ಬರುತ್ತವೆ.