ನಕ್ಷೆಗೆ ಬಾರದ ದಾರಿ ಹೇಳಿಕೊಟ್ಟವರಿಗೆ

ಮೊನ್ನೆ ನನ್ನ ಪಿಎಚ್‌.ಡಿ. ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು. ಪದವಿ ಭೂಗೋಳದ್ದೇ. ಒತ್ತಿ ಹೇಳಲು ಕಾರಣವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ಮಾನ್ವಿ ಕಡೆಯ ಹಳ್ಳಿಗಳ ಕೂಲಿ ಹೆಣ್ಣುಮಕ್ಕಳು ದಿನವಿಡೀ ಎಲ್ಲೆಲ್ಲಿ ಓಡಾಡುತ್ತಾರೆ ಎಂಬುದು ನನ್ನ ವಿಷಯ. "ಇದು ಮಹಿಳಾ ಅಧ್ಯಯನದವರ ಕೆಲಸ ಅಲ್ಲೇನಮ್ಮಾ?" ಎಂದು ಯಾರೂ ಕೇಳದ ವಿಚಾರ ಸಂಕಿರಣವೇ ಕಡಿಮೆ.

ಹಾಗಾಗಿ ಮೊದಲ ನಮಸ್ಕಾರ ಗೈಡ್ ಮೇಡಂಗೆ. ವಾದಕ್ಕಿಳಿಯದೆ, ಭೂಗೋಳ ವಿದ್ವಾಂಸೆಯರಾದ ಜಾನಿಸ್ ಮಂಕ್ ಮತ್ತು ಸೂಸನ್ ಹ್ಯಾನ್ಸನ್ 1982ರಲ್ಲಿ ಬರೆದ ಲೇಖನವನ್ನು ಕೈಗಿಟ್ಟರು. ಮಾನವ ಭೂಗೋಳ ಅನ್ನುತ್ತಲೇ ಮಾನವರಲ್ಲಿ ಅರ್ಧ ಜನರನ್ನು ಬಿಟ್ಟಿದ್ದೀರಲ್ಲ ಎಂಬುದು ಅದರ ತಕರಾರು. 1984ರಲ್ಲಿ ಬ್ರಿಟನ್ನಿನ ಮಹಿಳಾ ಭೂಗೋಳ ಅಧ್ಯಯನ ಗುಂಪು ಸ್ತ್ರೀವಾದಿ ಭೂಗೋಳದ ಪಠ್ಯಪುಸ್ತಕವನ್ನೇ ತಂದಿತು. ನಮ್ಮಲ್ಲಿ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಸರಸ್ವತಿ ರಾಜು ಮತ್ತು ಸಂಗಡಿಗರು 1999ರಲ್ಲಿ ಭಾರತದ ಹೆಣ್ಣು-ಗಂಡುಗಳ ಸ್ಥಿತಿಗತಿಯ ಅಟ್ಲಾಸ್ ಮಾಡಿದರು. ಅದನ್ನು ಹುಡುಕಿ ತರಿಸಿಕೊಟ್ಟ ಗ್ರಂಥಪಾಲಕರಿಗೂ ಶರಣು.

ಇನ್ನು ಹೊಲದ ಬದುವಿನ ಮೇಲಿನ ಗುರುಗಳು, ಅಂದರೆ ಆ ಕೂಲಿ ಹೆಣ್ಣುಮಕ್ಕಳು. ಸ್ವೀಡನ್ನಿನ ಭೂಗೋಳ ವಿದ್ವಾಂಸ ಹೇಗರ್‌ಸ್ಟ್ರಾಂಡ್ ರೂಪಿಸಿದ ಕಾಲ-ಭೂಗೋಳದಲ್ಲಿ ಒಬ್ಬರ ಇಡೀ ದಿನ ಒಂದು ಗೆರೆ. ಯಾವ ಹೊತ್ತಿಗೆ ಎಲ್ಲಿದ್ದರು ಎಂದು ಆ ಗೆರೆ ತೋರಿಸುತ್ತದೆ. ಮನೆಗೆಲಸ, ಮಗುವಿನ ಹೊತ್ತು ಸೇರಿ ಹೆಂಗಸರ ಓಡಾಟ ಎಷ್ಟು ಬಿಗಿಯಾಗುತ್ತದೆಂದು ರಿಸಾ ಪಾಮ್ ಮತ್ತು ಆಲನ್ ಪ್ರೆಡ್ 1974ರಲ್ಲೇ ಇದೇ ವಿಧಾನದಿಂದ ತೋರಿಸಿದ್ದರು. ನಾನೂ ಈ ಹೆಣ್ಣುಮಕ್ಕಳ ದಿನಗಳನ್ನು ಅಂಥ ಗೆರೆಗಳಾಗಿ ಹಾಳೆಯಲ್ಲಿ ಬರೆದು ಅವರ ಮುಂದಿಟ್ಟೆ. ಸದಿ (ಕಳೆ) ತೆಗೆಯುತ್ತಿದ್ದ ಒಬ್ಬ ಅಕ್ಕ ನೋಡಿ ಅಂದಳು: "ಕೂಸು ಬಗಲಾಗ ಐತಿ, ಕೈ ಸದಿಯಾಗ ಐತಿ, ಜೀವ ಮನಿಯಾಗ ಐತಿ. ಗೆರಿ ಒಂದ ಸಾಕೇನ ತಂಗಿ?" ಸ್ತ್ರೀವಾದಿ ಭೂಗೋಳ ವಿದ್ವಾಂಸೆ ಗಿಲಿಯನ್ ರೋಸ್ 1993ರಲ್ಲಿ ಎತ್ತಿದ ಆಕ್ಷೇಪವೂ ಹೆಚ್ಚುಕಡಿಮೆ ಇದೇ: ಗೆರೆಯಾದ ಮನುಷ್ಯರಿಗೆ ಮೈಯೂ ಇಲ್ಲ, ಮನಸ್ಸೂ ಇಲ್ಲ. ರೋಸ್ ಬರೆದದ್ದಕ್ಕಿಂತ ಅಕ್ಕ ಅಂದದ್ದು ನನಗೆ ಬೇಗ ತಿಳಿಯಿತು!

ನೀರಾವರಿ ನಕ್ಷೆಯಲ್ಲಿ ಕಾಲುವೆಯ ಕೆಳಭಾಗವೂ ಅಚ್ಚುಕಟ್ಟು ಪ್ರದೇಶವೇ, ಅಂದರೆ ಕಾಲುವೆ ನೀರು ಸಿಗಬೇಕಾದ ಜಾಗವೇ. ಆದರೆ ನೀರು ಬಾರದ ವರ್ಷ ಗಂಡಸರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಉಳಿದ ಹೆಂಗಸರು ನಸುಕಿನಲ್ಲೇ ರೊಟ್ಟಿ ಬಡಿದಿಟ್ಟು, ನೀರಿರುವ ಮೇಲ್ಭಾಗದ ಊರುಗಳಿಗೆ ಭತ್ತ ಹಚ್ಚಲು (ನಾಟಿ ಮಾಡಲು) ಟಂಟಂ ಆಟೋ ಹತ್ತುತ್ತಾರೆ. ಇಕ್ಕಟ್ಟಿನಲ್ಲೂ ನನಗೊಂದು ಜಾಗ ಮಾಡಿಕೊಟ್ಟ ಆ ಟಂಟಂ ಅಣ್ಣನಿಗೆ, ನನ್ನ ಮಗನನ್ನು ನೋಡಿಕೊಂಡ ಅತ್ತೆಗೆ ನಾನು ಋಣಿ. ಅತ್ತೆಯ ದಿನಕ್ಕೂ ಒಂದು ನಕ್ಷೆ ಬೇಕಿತ್ತು, ಅದು ಬೇರೆ ಮಾತು.

ಪ್ರಬಂಧದ ಸಾರಾಂಶವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಟಿಗೆ ಮುಂಚೆ ಊರಲ್ಲಿ ಓದಿ ಹೇಳಬೇಕು. ಆಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.