ಅಟ್ಟದ ಮೇಲಿನ ರೀಲುಗಳಿಗೆ ಇನ್ನೊಂದು ಮಳೆಗಾಲ ಬೇಡ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಕೊಡಗು ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್.

ಕೊಡಗಿನ ಹಳೆಯ ಫಿಲ್ಮ್ ರೀಲುಗಳ ವಿಷಯದಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ರೀಲು ಅಂದರೆ ಥಿಯೇಟರಿನಲ್ಲಿ ಓಡಿದ ಸಿನಿಮಾ ಮಾತ್ರ ಅಲ್ಲ. ಮದುವೆ, ಸುಗ್ಗಿಯ ಹಬ್ಬ ಪುತ್ತರಿ, ಊರಿನ ಹಾಕಿ ಪಂದ್ಯ, ಇವನ್ನೆಲ್ಲ ಎಂಟು ಎಂಎಂ ಕ್ಯಾಮೆರಾದಲ್ಲಿ ಹಿಡಿದಿಟ್ಟವರು ನಮ್ಮಲ್ಲಿದ್ದರು. ಸೈನ್ಯದಲ್ಲಿದ್ದವರು, ಕಾಫಿ ತೋಟದವರು. ಆ ರೀಲುಗಳು ಇನ್ನೂ ಕೆಲವು ಮನೆಗಳ ಅಟ್ಟದಲ್ಲಿವೆ.

ಪರಿಚಯದವರ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಅಂಥದ್ದೊಂದು ಡಬ್ಬಿ ನೋಡಿದೆ. ಮುಚ್ಚಳಕ್ಕೆ ತುಕ್ಕು ಹಿಡಿದು ಚಾಕು ಹಾಕಿ ಎಬ್ಬಿಸಬೇಕಾಯಿತು. ತೆರೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಅಡುಗೆಗೆ ಹಾಕುವ ನಮ್ಮ ಹುಳಿ ಕಾಚಂಪುಳಿಯ ಪರಿಮಳ ಅಲ್ಲ, ಅಂಗಡಿ ವಿನೆಗರಿನ ಘಾಟು. ಫಿಲ್ಮಿನ ಅಂಚು ಸುರುಟಿಕೊಂಡಿತ್ತು. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕೊಡವ ಗಂಡಸರ ನಿಲುವಂಗಿ ಕುಪ್ಯ ತೊಟ್ಟವರ ಸಾಲು, ದುಡಿ ವಾದ್ಯ ಹಿಡಿದ ಒಂದು ಕೈ. ಮನೆಯ ಹಿರಿಯರು "ಇದು ನಮ್ಮ ಅಜ್ಜ" ಎಂದು ಬೆರಳಿಟ್ಟು ತೋರಿಸಿದರು. ಅಜ್ಜನ ಮುಖದ ಮೇಲೆ ಆಗಲೇ ಬಿಳಿ ಕಲೆ ಬಿದ್ದಿತ್ತು.

ಈ ವಾಸನೆಗೆ ಕಾರಣ ಇದೆ. ಆ ಕಾಲದ ಫಿಲ್ಮಿನ ತಳ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್. ಬಿಸಿ ಮತ್ತು ತೇವ ಎರಡೂ ಸೇರಿದರೆ ಅದು ಕೊಳೆತು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಫಿಲ್ಮನ್ನು ಇನ್ನೂ ಬೇಗ ತಿನ್ನುತ್ತದೆ, ಪಕ್ಕದ ರೀಲಿಗೂ ಹತ್ತುತ್ತದೆ. ಒಮ್ಮೆ ಶುರುವಾದರೆ ನಿಧಾನ ಮಾಡಬಹುದು ಅಷ್ಟೇ, ವಾಪಸ್ ಸರಿ ಮಾಡಲು ಆಗುವುದಿಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಅಂತ ನಾವು ಸಾಮಾನನ್ನು ಒಲೆ ಮೇಲಿನ ಅಟ್ಟಕ್ಕೆ ಸೇರಿಸುತ್ತೇವೆ ಅಲ್ವಾ? ಬೇರೆ ವಸ್ತುವಿಗೆ ಅದು ಸರಿ. ಫಿಲ್ಮಿಗೆ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಹಾಗಾಗಿ ಮಡಿಕೇರಿಯಲ್ಲಿ ಒಂದು ಕಟ್ಟಡ ಕಟ್ಟಿಸಿ, ಶಂಕುಸ್ಥಾಪನೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಫಿಲ್ಮಿಗೆ ವರ್ಷವಿಡೀ ಒಂದೇ ಸಮನೆ ತಂಪು ಬೇಕು, ಒಣ ಗಾಳಿ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಅದು ಆಗುವ ಮಾತಲ್ಲ. ರೀಲುಗಳು ಕೊಡಗು ಬಿಟ್ಟು ಹೋಗಬೇಕು. ಅವುಗಳ ಡಿಜಿಟಲ್ ಪ್ರತಿ ಕೊಡಗಿಗೆ ಬರಬೇಕು. ನನ್ನ ಬೇಡಿಕೆ ಇಷ್ಟೇ.

1964ರಿಂದ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಪಿ.ಕೆ. ನಾಯರ್ ಅವರು ಊರೂರು ಅಲೆದು ಡಬ್ಬಿ ಡಬ್ಬಿಯಾಗಿ ಕೂಡಿಸಿದ ಜಾಗ ಅದು. ನಮ್ಮ ರೀಲುಗಳೂ ಅಲ್ಲಿಗೇ ಹೋಗಲಿ. ಅಲ್ಲೇ 2003ರಲ್ಲಿ ಬೆಂಕಿ ಬಿದ್ದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ದೊಡ್ಡ ನಷ್ಟವೇ ಆಯಿತು. ಆಗ ಸುಟ್ಟಿದ್ದು ಬಹಳ ಹಳೆಯ ನೈಟ್ರೇಟ್ ಫಿಲ್ಮು, ಅದು ಬೇಗ ಹೊತ್ತಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿರುವ ಎಂಟು ಎಂಎಂ ಫಿಲ್ಮು ಆ ಜಾತಿಯದ್ದಲ್ಲ. ಅದಕ್ಕೆ ಶತ್ರು ಬೆಂಕಿಗಿಂತ ಜಾಸ್ತಿ ನಮ್ಮ ತೇವವೇ.

ಕಳೆದುಕೊಂಡರೆ ಏನಾಗುತ್ತದೆ ಎಂಬುದು ಕನ್ನಡಿಗರಿಗೆ ಹೊಸದಲ್ಲ. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ 1934ರಲ್ಲಿ ತೆರೆಗೆ ಬಂತು. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಕೊಡವ ಭಾಷೆಯ ಮೊದಲ ಚಿತ್ರ ನಾಡ ಮಣ್ಣೇ ನಾಡ ಕೂಳ್ ಬಂದದ್ದು 1972ರಲ್ಲಿ, ಎಸ್.ಆರ್. ರಾಜನ್ ನಿರ್ದೇಶನದಲ್ಲಿ. ಅದರ ನೆಗೆಟಿವ್, ಪ್ರಿಂಟು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಸರ್ಕಾರವೇ ವಿಚಾರಿಸಿ ಜನರಿಗೆ ಹೇಳಬೇಕು. ಕೊಡವ ಭಾಷೆ ಆಡುವವರು ಮೊದಲೇ ಕಡಿಮೆ. ಪ್ರಿಂಟುಗಳೂ ಕಡಿಮೆಯೇ ಆಗಿರುತ್ತವೆ. ಇದ್ದ ಒಂದೋ ಎರಡೋ ಹಾಳಾದರೆ ಮುಗಿದೇ ಹೋಯಿತು.

ಇನ್ನೊಂದು ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜಾರಿದವು. ಅದಕ್ಕೆ ಮುಂಚೆ ಆ ಗದ್ದೆ, ತೋಡು, ಮನೆ ಹೇಗಿದ್ದವು ಎಂದು ಮಕ್ಕಳಿಗೆ ತೋರಿಸಲು ಚಲಿಸುವ ಚಿತ್ರ ಇದ್ದರೆ ಅದು ಈ ಡಬ್ಬಿಗಳಲ್ಲೇ ಇರಬೇಕು. ಕಿತ್ತಳೆ ತೋಟಗಳ ಕಥೆಯೂ ಅಷ್ಟೇ. ರೋಗ ಬಂದು ಮರಗಳು ಹೋದವು, ಹಳೆಯ ಫಿಲ್ಮಿನಲ್ಲಿ ಮಾತ್ರ ತುಂಬಿದ ತೋಟ ಕಾಣುತ್ತದೆ.

ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿಯೂ ಇದೆ. ಎರಡಕ್ಕೂ ಜನರ ಮನೆ ಬಾಗಿಲು ಗೊತ್ತು. ಅವರಿಗೆ ಸ್ವಲ್ಪ ಹಣ ಕೊಡಿ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರದಲ್ಲಿ ಒಂದೊಂದು ದಿನ ಕುಳಿತು ರೀಲು ತೆಗೆದುಕೊಳ್ಳಲಿ. ಡಬ್ಬಿ ತಂದವರಿಗೆ ರಸೀದಿ ಕೊಡಲಿ. ಹಕ್ಕು ಮನೆಯವರದೇ, ರೀಲು ಸುರಕ್ಷಿತವಾಗಿಡಲು ಮಾತ್ರ ಕೊಡುತ್ತಿರುವುದು ಎಂದು ಅದರಲ್ಲಿ ಕನ್ನಡದಲ್ಲೇ ಸ್ಪಷ್ಟವಾಗಿ ಬರೆದಿರಲಿ. ಈ ನಂಬಿಕೆ ಇಲ್ಲದಿದ್ದರೆ ಯಾರೂ ಅಜ್ಜನ ರೀಲನ್ನು ಸುಮ್ನೆ ಕೊಟ್ಟು ಕಳಿಸುವುದಿಲ್ಲ. ರೀಲಿನಲ್ಲಿ ಯಾರಿದ್ದಾರೆ, ಯಾವ ಊರು, ಯಾವ ಹಬ್ಬ ಎಂಬುದನ್ನೂ ಅಲ್ಲೇ ಕೇಳಿ ಬರೆದುಕೊಳ್ಳಲಿ. ಅದನ್ನು ಹೇಳಬಲ್ಲವರಿಗೆ ಈಗ ಎಂಬತ್ತರ ಮೇಲೆ ವಯಸ್ಸು.

ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಮೇ ಮುಗಿಯುವ ಮೊದಲು ಮೊದಲ ಕಂತಿನ ರೀಲುಗಳು ಪುಣೆಗೆ ಹೊರಡುವಂತೆ ಆದೇಶ ಮಾಡಿ ಸರ್. ಸಂಗ್ರಹಾಲಯದವರ ಜೊತೆ ಪತ್ರ ವ್ಯವಹಾರ ಈ ವಾರವೇ ಶುರುವಾದರೆ ಸಮಯ ಸಾಕಾಗುತ್ತದೆ.

ಇಂತಿ,
ಕೊಡಗಿನ ಒಬ್ಬ ನಿವಾಸಿ